ಕಣ್ಣು ಮುಚ್ಚಿಕೊಳ್ಳಿ, ಅಲ್ಲಾಡಬೇಡಿ

ಬೈತಲೆ ನಿಲ್ಲುತ್ತಿಲ್ಲ, ಬಾಚಣಿಗೆಯ ಹಿಡಿಯಿಂದ ಕೂದಲನ್ನು ಎರಡು ಪಾಲು ಮಾಡಿದರೆ ನೆತ್ತಿಯ ಬಿಳಿ ಗೆರೆ ಕಾಣಬೇಕು, ಈತನದು ಕಾಣುವಷ್ಟರಲ್ಲಿ ಮತ್ತೆ ಮುಚ್ಚಿಕೊಳ್ಳುತ್ತದೆ, ಎಣ್ಣೆ ಹಚ್ಚಿಕೊಂಡು ಬಂದಿದ್ದಾನೆ, ಹಚ್ಚಬೇಡಿ ಎಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟರೂ ಹಚ್ಚಿಕೊಂಡೇ ಬರುತ್ತಾರೆ, ಡಾಕ್ಟರ ಮುಂದೆ ತಲೆ ಒಪ್ಪವಾಗಿರಬೇಕಲ್ಲ — ಅವಳು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದಳು, ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ ಟೇಪು ಹಿಡಿದಳು, ಮೂವತ್ತಾರು ಸೆಂಟಿಮೀಟರು, ಕೆಂಪು ಪೆನ್ಸಿಲಿನಲ್ಲಿ ಗುರುತು, ಇಲ್ಲೊಂದು, ಇಲ್ಲೊಂದು, ಒಟ್ಟು ಇಪ್ಪತ್ತೊಂದು, ಪ್ರತಿ ಗುರುತನ್ನೂ ಮರಳುಮರಳಾದ ಜೆಲ್ ಹಾಕಿ ಉಜ್ಜಬೇಕು, ಮೇಲೆ ಅಂಟು, ಅಂಟಿನ ಮೇಲೆ ವೈರಿನ ಪುಟ್ಟ ಬಿಲ್ಲೆ. ಮುಟ್ಟಲಾ ಸರ್, ನೋವಾದ್ರೆ ಹೇಳಿ. ಹನ್ನೊಂದು ವರ್ಷದಿಂದ ಈ ಕೋಣೆಯಲ್ಲಿ ಎಷ್ಟು ತಲೆಗಳು ಅವಳ ಕೈಕೆಳಗೆ ಹಾದುಹೋಗಿವೆಯೋ, ಒಂದನ್ನೂ ಕೇಳದೆ ಮುಟ್ಟಿದವಳಲ್ಲ. ಮಂಚದ ಮೇಲಿರುವವನು ಬಸ್ ಡ್ರೈವರು, ಡಿಪೋದಲ್ಲಿ ಸ್ಟೇರಿಂಗ್ ಹಿಡಿದೇ ಎಚ್ಚರ ತಪ್ಪಿದವನು, ತಲೆಯೊಳಗೆ ಏನೂ ತೊಂದರೆ ಇಲ್ಲವೆಂದು ಮಿದುಳಿನ ಅಲೆ ಅಳೆಯುವ ಈ ಯಂತ್ರ ಬರೆದುಕೊಟ್ಟರೆ ಮತ್ತೆ ಬಸ್ಸು, ಇಲ್ಲದಿದ್ದರೆ ಇಲ್ಲ, ಹೆದರಿದ್ದಾನೆ, ಹೆದರಿದವರು ಒಂದೋ ಬಾಯಿ ಕಟ್ಟಿಕೊಳ್ಳುತ್ತಾರೆ, ಇಲ್ಲವೋ ತಮಾಷೆಗೆ ಇಳಿಯುತ್ತಾರೆ, ಈತ ತಮಾಷೆಯವನು, ಮೇಡಂ ಬೇಜಾರು ಮಾಡ್ಕೋಬೇಡಿ, ಒಂದು ಮಾತು ಕೇಳ್ಲಾ, ಬೇಜಾರು ಮಾಡಿಕೊಳ್ಳಬೇಡಿ ಎಂದ ಕೂಡಲೇ ಅವಳಿಗೆ ಗೊತ್ತಾಯಿತು ಯಾವ ಮಾತು ಎಂದು, ನಿಮ್ಮ ಕೂದಲು ಹುಟ್ಟಿನಿಂದಾನೇ ಹೀಗಾ, ಇಲ್ಲಾ ಈ ಕರೆಂಟ್ ಮಿಷನ್ನ ಮೊದಲು ನಿಮ್ಮ ತಲೆಗೇ ಹಾಕಿ ನೋಡಿದ್ರಾ. ಹೇಳಿ ಅವಳ ಗುಂಗುರು ಕೂದಲನ್ನು ಕಣ್ಣು ಮೇಲೆತ್ತಿ ನೋಡುತ್ತಿದ್ದಾನೆ. ಅವಳು ನಗಲಿ ಎಂದು ಕಾಯುತ್ತಿದ್ದಾನೆ.

ನಗುತ್ತಿದ್ದಳು, ಹದಿನೇಳು ದಿನದ ಹಿಂದಾದರೆ ಅವನಿಗಿಂತ ಮೊದಲೇ ನಗುತ್ತಿದ್ದಳು, ಹೂಂ ಸರ್, ಫುಲ್ ವೋಲ್ಟೇಜು, ಎಂದು ಅವನ ತಮಾಷೆಗೆ ತಾನೇ ಒಗ್ಗರಣೆ ಹಾಕುತ್ತಿದ್ದಳು. ಪರ್ಸಿನಲ್ಲಿ ಸೇಫ್ಟಿ ಪಿನ್ನು ಇಟ್ಟುಕೊಳ್ಳುವ ಹಾಗೆ ಉತ್ತರಗಳನ್ನು ಇಟ್ಟುಕೊಂಡು ತಿರುಗಿದವಳು ಅವಳು, ಬಾಚಣಿಗೆ ಒಳಗೆ ಹೋಗುತ್ತಾ ಎಂದರೆ ಹೋಗುತ್ತೆ, ವಾಪಸ್ ಬರಲ್ಲ, ಅದರೊಳಗೆ ಏನಿಟ್ಟಿದ್ದೀರಿ ಎಂದರೆ ಮಧ್ಯಾಹ್ನದ ಊಟ, ತಲೆ ತೊಳೀತೀರಾ ಎಂದರೆ ವರ್ಷಕ್ಕೊಂದು ಸಲ, ಕೇಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕು ಪರವಾಗಿಲ್ಲ ಕಣ್ರೀ, ನೀವು ಸ್ಪೋರ್ಟಿವ್ ಎಂದು ಬೆನ್ನು ತಟ್ಟುವರು, ಬೆನ್ನು ತಟ್ಟಿದ ಕೈ ಹಾಗೇ ಮೇಲೇರಿ ಕೂದಲೊಳಗೆ ಬೆರಳು ತೂರಿಸುವುದು, ಅಯ್ಯೋ ಎಷ್ಟು ಮೆತ್ತಗಿದೆ, ನಾರಿನ ಥರ ಇರುತ್ತೆ ಅಂದ್ಕೊಂಡಿದ್ದೆ. ಶಾಲೆಯಲ್ಲಿ ಪೊದೆ, ಕಾಲೇಜಿನಲ್ಲಿ ಸ್ಟೀಲ್ ಬ್ರಶ್ಶು, ಮದುವೆ ಮಾತಿನ ದಿನ ಆಗಿನ್ನೂ ನಾದಿನಿಯಾಗಿರದ ನಾದಿನಿ, ಕೂದಲಿಗೇನಾದ್ರೂ ಟ್ರೀಟ್‌ಮೆಂಟ್ ಮಾಡಿಸ್ತೀರಾ ಹೇಗೆ, ಕೆಲಸದ ಇಂಟರ್‌ವ್ಯೂನಲ್ಲಿ ಒಬ್ಬ ಹಿರಿಯ ಟೆಕ್ನಿಷಿಯನ್ನು, ಅಲ್ಲಮ್ಮ, ನಿನ್ನ ತಲೆಗೇ ವೈರು ಸಿಕ್ಕಿಹಾಕ್ಕೊಂಡ್ರೆ ಬಿಡಿಸೋರ್ಯಾರು, ಅಲ್ಲೂ ನಕ್ಕಳು, ನಕ್ಕಿದ್ದಕ್ಕೇ ಕೆಲಸ ಸಿಕ್ಕಿತೇನೋ. ಸಿಟ್ಟು ಬರುತ್ತಿರಲಿಲ್ಲವೇ, ಬರುತ್ತಿತ್ತು, ಆದರೆ ಸಿಟ್ಟಾದರೆ ಕೂದಲಿನ ಜೊತೆ ಮೂಗಿನ ತುದಿಯ ಸಿಟ್ಟೂ ಹೆಸರಿಗೆ ಅಂಟಿಕೊಳ್ಳುತ್ತದೆ, ನಕ್ಕರೆ ಬೇಗ ಮುಗಿಯುತ್ತದೆ, ಅಷ್ಟೇ ಲೆಕ್ಕಾಚಾರ. ಅವಳ ಅಮ್ಮ ಮಾತ್ರ ನಗುತ್ತಿರಲಿಲ್ಲ, ಯಾರಾದರೂ ಕೇಳಿದರೆ ನೆಟ್ಟಗೆ ಮುಖ ನೋಡಿ ಯಾಕೆ, ನಿಮಗೇನು ಬೇಕಾಗಿತ್ತು ಎನ್ನುವಳು, ಜಗಳಗಂಟಿ ಎಂದೇ ಬೀದಿಯಲ್ಲಿ ಹೆಸರಾಯಿತು, ಆ ಜಗಳಗಂಟಿಯ ಮಗಳಾಗಲು ಇವಳಿಗೆ ನಾಚಿಕೆಯಾಗುತ್ತಿತ್ತು, ಈಗ ಅದನ್ನು ನೆನೆದರೆ ಅದಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ.

ಇಪ್ಪತ್ತೊಂದನೆಯ ಬಿಲ್ಲೆ ಕಿವಿಯ ಹಿಂದೆ, ಅಲ್ಲಿ ಚರ್ಮ ತೆಳು, ಮೆಲ್ಲಗೆ ಉಜ್ಜಬೇಕು, ಆ ಜಾಗ ನೋಡಬಾರದು, ನೋಡದೆಯೇ ಉಜ್ಜಿದಳು, ಅಂಟಿಸಿದಳು. ಡ್ರೈವರು ತಪ್ಪಾಯ್ತಾ ಮೇಡಂ, ಸುಮ್ನೆ ತಮಾಷೆಗೆ ಅಂದೆ ಎಂದ, ಅವಳು ಹೋಗಿ ಪರದೆಯ ಮುಂದೆ ಕುಳಿತಳು, ಕಣ್ಣು ಮುಚ್ಕೊಳ್ಳಿ, ಅಲ್ಲಾಡಬೇಡಿ, ಇಪ್ಪತ್ತು ನಿಮಿಷ ಅಷ್ಟೇ. ಗೆರೆಗಳು ಓಡತೊಡಗಿದವು, ಮೇಲಿನ ಎರಡು ಗೆರೆ ಹಣೆಯದು, ರೆಪ್ಪೆ ಒಂದಿಷ್ಟು ಅದುರಿದರೂ ಅಲ್ಲಿ ಗುಡ್ಡ ಏಳುತ್ತದೆ, ಈತನ ಗುಡ್ಡಗಳು ನಿಲ್ಲುತ್ತಿಲ್ಲ, ಕಣ್ಣು ಮುಚ್ಚಿದ್ದಾನೆ, ರೆಪ್ಪೆ ಮುಚ್ಚಿಕೊಂಡಿದ್ದರೂ ಅದುರುತ್ತಿದೆ — ಆ ರೆಪ್ಪೆಯೂ ಹೀಗೇ ಅದುರುತ್ತಿತ್ತು, ಬೇಡ, ಅದು ಬೇಡ. ಬೇಡವೆಂದರೆ ಬಿಡುತ್ತದೆಯೇ. ಅಮ್ಮಾ, ಕ್ಲಾಸ್ ಫೋಟೋಗೆ ನನ್ನನ್ನ ಹಿಂದಿನ ಸಾಲಿಗೆ ಹಾಕಿದಾರೆ, ಎಂಟು ವರ್ಷದ ಮಗಳು, ತರಗತಿಯಲ್ಲೇ ಎಲ್ಲರಿಗಿಂತ ಕುಳ್ಳಿ, ಯಾಕೆ ಮರಿ, ನನ್ನ ತಲೆ ಬೇರೆಯವರಿಗೆ ಅಡ್ಡ ಬರುತ್ತಂತೆ, ಮಿಸ್ ಹೇಳಿದ್ರು, ಎಲ್ಲರೂ ನಕ್ಕರು. ನೀನೇನು ಮಾಡಿದೆ. ನನಗೆ ಅಳು ಬಂತು. ಅಳಬೇಡ, ಯಾರಾದ್ರೂ ಏನಾದ್ರೂ ಅಂದ್ರೆ ನೀನೂ ನಕ್ಕುಬಿಡು, ಆಗ ಸುಮ್ಮನಾಗ್ತಾರೆ, ಇದು ಅವಳು ಮಗಳಿಗೆ ಕೊಟ್ಟ ವಿದ್ಯೆ, ಮೂವತ್ತೆಂಟು ವರ್ಷ ಬದುಕಿ ಕಲಿತು ಮಗಳ ಕೈಗಿಟ್ಟ ಆಸ್ತಿ. ಮಗಳು ನಗಲಿಲ್ಲ, ನೆಟ್ಟಗೆ ಮಾಡಿಬಿಡು ಅಮ್ಮಾ, ಒಂದೇ ಒಂದು ಸಲ, ಫೋಟೋಗೆ ಮಾತ್ರ, ಎಂದು ಮೂರು ದಿನ ಹಿಂದೆ ಹಿಂದೆ ಸುತ್ತಿದಳು. ನಾದಿನಿ ಎಂದೋ ತಂದುಕೊಟ್ಟ, ಕೂದಲು ನೆಟ್ಟಗೆ ಮಾಡುವ ಕ್ರೀಮಿನ ಡಬ್ಬ ಕಪಾಟಿನಲ್ಲಿತ್ತು, ಒಡೆದಿರಲಿಲ್ಲ, ಒಡೆಯಬಾರದೆಂದೇ ಬಟ್ಟೆಗಳ ಅಡಿಯಲ್ಲಿ ಇಟ್ಟಿದ್ದಳು, ಬಿಸಾಡಿಬಿಡಬಹುದಿತ್ತಲ್ಲ, ಯಾಕೆ ಬಿಸಾಡಲಿಲ್ಲ.

ಭಾನುವಾರ ಬೆಳಿಗ್ಗೆ, ಕಿಟಕಿಯಿಂದ ಬಿಸಿಲು, ನಾನು ನಿನ್ನ ಪೇಷಂಟ್ ಆಗ್ತೀನಿ ಎಂದು ಮಗಳೇ ಮಂಚದ ಮೇಲೆ ಅಂಗಾತ ಮಲಗಿದಳು, ತಲೆ ಮಂಚದ ಅಂಚಿಗೆ, ಕೆಳಗೆ ಪ್ಲಾಸ್ಟಿಕ್ ಹಾಳೆ, ಕೈಗಳನ್ನು ಎರಡೂ ಪಕ್ಕಕ್ಕೆ ಇಟ್ಟುಕೊಂಡು ಮುಟ್ಟಲಾ ಅಂತ ಕೇಳು ಎಂದಳು, ಮುಟ್ಟಲಾ ಮೇಡಂ, ಹೂಂ ಮುಟ್ಟಿ ಡಾಕ್ಟ್ರೇ, ಇಬ್ಬರೂ ನಕ್ಕರು, ಒಂದು ಕೂದಲೂ ಕೊಂಕದ ಹಾಗೆ ಸಾಕಿದ ಮಗಳು, ಗುಂಗುರು ಗುಂಗುರಾದ ಆ ಕೂದಲನ್ನು ಪಾಲು ಪಾಲು ಮಾಡಿ ಬಿಳಿ ಕ್ರೀಮನ್ನು ಬುಡದಿಂದಲೇ ಬಳಿದಳು, ಮೂಗು ಸುಡುವ ವಾಸನೆ. ಡಬ್ಬದ ಮೇಲೆ ಬರೆದಿತ್ತು, ಮಕ್ಕಳಿಗೆ ಹತ್ತು ನಿಮಿಷ ಮೀರಬಾರದು, ಓದಿದ್ದಳು, ಎರಡು ಸಲ ಓದಿದ್ದಳು, ಓದಿ ಗಡಿಯಾರಕ್ಕೆ ಇಪ್ಪತ್ತು ನಿಮಿಷದ ಅಲಾರಂ ಇಟ್ಟಳು, ಕೈ ತಾನಾಗಿಯೇ ಇಟ್ಟಿತು, ಹನ್ನೊಂದು ವರ್ಷದಿಂದ ಮಂಚದ ಮೇಲೆ ಯಾರೇ ಮಲಗಿದರೂ ಆ ಕೈ ಇಡುವುದು ಇಪ್ಪತ್ತೇ. ಎಂಟೋ ಹತ್ತೋ ನಿಮಿಷಕ್ಕೆ ಅಮ್ಮಾ ಉರೀತಿದೆ, ಜೆಲ್ ಉಜ್ಜಿದಾಗ ಎಲ್ಲರೂ ಹೇಳುವ ಮಾತು, ಎಲ್ಲರಿಗೂ ಅವಳು ಹೇಳುವ ಮಾತೇ ಬಾಯಿಗೆ ಬಂತು, ಅಷ್ಟೇ, ಅಷ್ಟೇ, ಕಣ್ಣು ಮುಚ್ಕೊ, ಅಲ್ಲಾಡಬೇಡ, ಇನ್ನು ಸ್ವಲ್ಪ ಹೊತ್ತು. ಮಗಳು ಮುಚ್ಚಿಕೊಂಡಳು. ಎದ್ದು ಓಡಬಹುದಿತ್ತು, ಕಿರುಚಬಹುದಿತ್ತು, ಓಡಲಿಲ್ಲ, ಕಿರುಚಲಿಲ್ಲ, ಒಳ್ಳೆಯ ಪೇಷಂಟು, ಎರಡು ಪುಟ್ಟ ರೆಪ್ಪೆ ಬಿಗಿಯಾಗಿ ಮುಚ್ಚಿ ಅದುರುತ್ತಿದ್ದವು, ಅವುಗಳ ತುದಿಯಿಂದ ಒಂದು ಹನಿ ಜಾರಿ ಕಿವಿಯೊಳಗೆ ಇಳಿಯಿತು, ಅದನ್ನು ಇವಳು ನೋಡಿದಳು, ನೋಡಿಯೂ ನಿಮಿಷದ ಮುಳ್ಳಿನ ಕಡೆ ತಿರುಗಿದಳು, ಫೋಟೋ ಚೆನ್ನಾಗಿ ಬರಲಿ ಎಂದುಕೊಂಡಳು. ನೀರು ಹಾಕಿದಾಗ ಕಿವಿಯ ಹಿಂದಿನ ಕೂದಲು ನೆಟ್ಟಗಾಗಿರಲಿಲ್ಲ, ಚರ್ಮದ ಜೊತೆ ಕೈಗೇ ಬಂತು.

ಎರಡನೆಯ ಮಹಡಿಯ ಚರ್ಮದ ಡಾಕ್ಟರು, ಕೂದಲಿನ ಬೇರೇ ಸುಟ್ಟುಹೋಗಿದೆಯಲ್ಲಮ್ಮ, ಅಲ್ಲಿ ಇನ್ನು ಬರೋದು ಅನುಮಾನ, ಆಸ್ಪತ್ರೆಯವರೇ ಹೀಗೆ ಮಾಡಿದ್ರೆ ಹೇಗೆ. ತರಗತಿಯ ಫೋಟೋ ಬಂತು, ಹಿಂದಿನ ಸಾಲಿನಲ್ಲೂ ಮಗಳಿಲ್ಲ. ಈಗ ಬಟ್ಟೆಯ ಟೋಪಿ ಹಾಕಿಕೊಂಡು ಶಾಲೆಗೆ ಹೋಗುತ್ತಾಳೆ, ಮನೆಯಲ್ಲೂ ತೆಗೆಯುವುದಿಲ್ಲ, ಮುಟ್ಟಲಾ ಎಂದು ಇವಳು ಕೇಳುತ್ತಾಳೆ, ಮಗಳು ತಲೆಯಾಡಿಸಿ ಗೋಡೆಯ ಕಡೆ ಸರಿಯುತ್ತಾಳೆ, ಹದಿನೇಳು ದಿನದಲ್ಲಿ ಒಂದು ಸಲವೂ ಮುಟ್ಟಗೊಟ್ಟಿಲ್ಲ, ಮುಲಾಮು ಕೂಡ ಅವಳಪ್ಪನೇ ಹಚ್ಚಬೇಕು. ನಿನ್ನೆ ಸಂಜೆ ಶೂ ಬಿಚ್ಚುತ್ತಾ ತಾನಾಗಿಯೇ ಹೇಳಿದಳು, ಇವತ್ತು ಟೋಪಿ ಎಳೆದುಬಿಟ್ರು, ಇದೇನು ಇಲಿ ತಿಂತಾ ಅಂತ ಕೇಳಿದ್ರು, ನಾನು ನಕ್ಕುಬಿಟ್ಟೆ ಅಮ್ಮಾ, ನೀನು ಹೇಳಿದ್ದೆಯಲ್ಲ ಹಾಗೇ, ಸುಮ್ಮನಾದ್ರು. ಹೇಳಿ ಶೂಗಳನ್ನು ಜೋಡಿಯಾಗಿ ಗೋಡೆಗೆ ಒತ್ತಿ ಇಟ್ಟಳು.

ಮೇಡಂ. ಡ್ರೈವರು. ಹದಿಮೂರನೆಯ ನಿಮಿಷ, ಮೇಲಿನ ಎರಡು ಗೆರೆ ಗುಡ್ಡದ ಮೇಲೆ ಗುಡ್ಡ, ಮೇಡಂ ಈ ಕಿವಿ ಹಿಂದೆ ಸ್ವಲ್ಪ ಉರೀತಿದೆ. ಅಷ್ಟೇ, ಅಷ್ಟೇ, ಕಣ್ಣು ಮುಚ್ಕೊಳ್ಳಿ, ಅಲ್ಲಾಡಬೇಡಿ — ಬಂದೇಬಿಟ್ಟಿತು, ಅದೇ ದನಿ, ಅದೇ ಮೆತ್ತಗಿನ ದನಿ, ಬಾಯಿಗೆ ಇನ್ನೂ ಬುದ್ಧಿ ಬಂದಿಲ್ಲ, ಅವನು ಸರಿ ಮೇಡಂ ಎಂದ, ಅಷ್ಟು ದೊಡ್ಡ ಆಳು, ಬಸ್ಸು ಓಡಿಸುವ ಆಳು, ಸರಿ ಎಂದು ಬಿಗಿಯಾಗಿ ಮುಚ್ಚಿಕೊಂಡ. ಅವಳು ಎದ್ದಳು, ಯಂತ್ರ ನಿಲ್ಲಿಸಿದಳು, ಅರ್ಧಕ್ಕೆ ನಿಂತ ರೆಕಾರ್ಡಿಂಗ್ ಕೆಲಸಕ್ಕೆ ಬರುವುದಿಲ್ಲ, ಇನ್ನೊಮ್ಮೆ ಬರಬೇಕಾಗುತ್ತದೆ, ಬರಲಿ, ಒದ್ದೆ ಹತ್ತಿ ತಂದು ಬಿಲ್ಲೆ ಕಿತ್ತು ಒರೆಸಿದಳು, ಸ್ವಲ್ಪ ಕೆಂಪಗಾಗಿದೆ ಅಷ್ಟೇ, ಏನೂ ಆಗಿಲ್ಲ, ಮತ್ತೆ ಒರೆಸಿದಳು, ಏನೂ ಆಗಿಲ್ಲ, ಮತ್ತೆ ಒರೆಸಿದಳು. ಹುಟ್ಟಿನಿಂದಾನೇ ಹೀಗೆ ಎಂದಳು, ಏನಂದ್ರಿ ಮೇಡಂ ಎಂದ ಅವನು, ನನ್ನ ಕೂದಲು, ಕೇಳಿದ್ರಲ್ಲ, ಹುಟ್ಟಿನಿಂದಾನೇ ಹೀಗೆ, ನನ್ನಮ್ಮಂದೂ ಹೀಗೇ, ನನ್ನ ಮಗಳದ್ದೂ ಹೀಗೇ, ತುಂಬಾ ಚೆನ್ನಾಗಿತ್ತು, ಇದನ್ನ ಯಾರೂ ಕೇಳಬಾರದು ಸರ್, ಕೇಳಿದ್ರೆ ನನಗೆ ಬೇಜಾರಾಗುತ್ತೆ. ಮಗಳಿಗೆ ಹೇಳಬೇಕಾಗಿದ್ದ ಮಾತು, ಎಷ್ಟು ಚಿಕ್ಕ ಮಾತು, ಡ್ರೈವರಿನ ಕಿವಿಗೆ ಬಿತ್ತು. ಅವನು ಅಲ್ಲಾಡಬಾರದೆಂದು ಅಲ್ಲಾಡಲಿಲ್ಲ, ತೆರೆಯಿರಿ ಎಂದು ಅವಳು ಇನ್ನೂ ಹೇಳಿಲ್ಲ, ಹೇಳಬೇಕು, ಕಣ್ಣು ತೆಗೀರಿ, ಮುಗೀತು, ಅಷ್ಟು ಹೇಳಿದರೆ ಸಾಕು, ಹತ್ತಿ ಹಿಡಿದು ನಿಂತಿದ್ದಾಳೆ, ಮುಚ್ಚು ಎಂದದ್ದಕ್ಕೆ ಮುಚ್ಚಿಕೊಂಡ ಎರಡು ರೆಪ್ಪೆ, ಬಿಗಿಯಾಗಿ, ಅದುರುತ್ತಾ, ತುದಿಯಲ್ಲಿ ಒಂದು ಹನಿ, ಕಿವಿಯ ಕಡೆಗೆ, ಎರಡು ಪುಟ್ಟ ರೆಪ್ಪೆ,