ಹುಲ್ಲಿಗೆ ಹೆಣದ ಬಣ್ಣ

ಹೆಣ ಮಾಡುವುದು ನನ್ನ ಕೆಲಸ. ಬದುಕಿರುವವರನ್ನು ಕುರ್ಚಿಯಲ್ಲಿ ಕೂರಿಸಿ, ಕೆನ್ನೆಗೆ ಬೂದಿ ಬಣ್ಣ ಬಳಿದು, ಕಣ್ಣ ಕೆಳಗೆ ನೇರಳೆ ತೀಡಿ, ಕೊನೆಗೆ ಇಡೀ ಮುಖಕ್ಕೆ ಜೇಡಿಮಣ್ಣಿನ ತೆಳು ಪದರ ಹಾಕಿ ಒಣಗಿಸುತ್ತೇನೆ. ನಕ್ಕರೆ ಅದು ಬಿರುಕು ಬಿಡುತ್ತದೆ, ಮಾತಾಡಿದರೆ ಉದುರುತ್ತದೆ. ಆ ದಿನ ಕುರ್ಚಿಯಲ್ಲಿದ್ದ ಹೆಣ ನನ್ನ ಮಾವ, ಅಂದರೆ ಗಂಡನ ಅಪ್ಪ.

"ಮಾವ, ಸ್ವಲ್ಪ ಬಾಯಿ ಮುಚ್ಚಿ."

"ಮನೇಲೂ ಅದೇ ಮಾತು, ಇಲ್ಲೂ ಅದೇ ಮಾತು. ಸತ್ತ ಮೇಲಾದ್ರೂ ಮಾತಾಡೋಕೆ ಬಿಡಮ್ಮ."

ಮಗಳನ್ನು ಎಬ್ಬಿಸಿ, ತಲೆ ಬಾಚಿ, ಡಬ್ಬಿ ಕಟ್ಟಿ, ಶಾಲೆಯ ಗೇಟಿನೊಳಗೆ ತಳ್ಳಿ ಬರುವಷ್ಟರಲ್ಲೇ ನನ್ನ ಅರ್ಧ ಜೀವ ಹೋಗಿತ್ತು. ಉಳಿದ ಅರ್ಧದಲ್ಲಿ ಇಪ್ಪತ್ತು ಹೆಣ ಆಗಬೇಕಿತ್ತು.

ನಮ್ಮ ಡೈರೆಕ್ಟರಿಗೆ ಹಳೆಯ ಯುರೋಪಿನ ಹೆಣಗಳ ಸಿನಿಮಾ ಎಂದರೆ ಪ್ರಾಣ. ಮಂಜು, ಕಲ್ಲಿನ ಗೋಡೆ, ಅವಸರವೇ ಇಲ್ಲದೆ ನಡೆದು ಬರುವ ಸತ್ತವರು. "ಆ ಸಿನಿಮಾಗಳಲ್ಲಿ ತಪ್ಪು ಹೆಣಗಳದ್ದಲ್ಲ, ನೆಲಕ್ಕೆ ವಿಷ ಹಾಕಿದವರದ್ದು," ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಅಂಥದ್ದೇ ಒಂದನ್ನು ತಾನೂ ಮಾಡಬೇಕೆಂಬ ಹುಚ್ಚು ಅವನಿಗೆ. ಕಥೆ ಇಷ್ಟೇ: ಒಂದು ಕಂಪನಿ ಹೊಲಕ್ಕೆಲ್ಲ ಹೊಸ ಕೀಟನಾಶಕ ಸುರಿಯುತ್ತದೆ, ಅದು ನೆಲಕ್ಕೆ ಅರಗುವುದಿಲ್ಲ, ನೆಲ ಹೊಟ್ಟೆ ತೊಳೆಸಿ ತನ್ನೊಳಗಿನ ಹೆಣಗಳನ್ನೆಲ್ಲ ಹೊರಗೆ ಹಾಕುತ್ತದೆ.

ಚಿತ್ರೀಕರಣಕ್ಕೆ ಅವನು ಆರಿಸಿಕೊಂಡದ್ದು ಮುಚ್ಚಿಹೋದ ಒಂದು ಕಾರ್ಖಾನೆಯ ಹಿತ್ತಲು. ಅಲ್ಲಿ ತಯಾರಾಗುತ್ತಿದ್ದದ್ದೂ ಕೀಟನಾಶಕದ ಪುಡಿಯೇ, ಮತ್ತು ನನ್ನ ಮಾವ ಅಲ್ಲೇ ದುಡಿದು ಮುದುಕರಾದವರು. ಹೆಣದ ಪಾತ್ರಕ್ಕೆ ನಿಜವಾಗಿ ದಣಿದ ಮುಖಗಳು ಬೇಕು ಎಂದು ಡೈರೆಕ್ಟರ್ ಕೇಳಿದಾಗ ನಾನು ಮಾವನನ್ನೂ ಅವರ ಹಳೆಯ ಜೊತೆಗಾರರನ್ನೂ ಕರೆತಂದಿದ್ದೆ.

ಕಾರ್ಖಾನೆ ಮುಚ್ಚಿದ ಮೇಲೆ ಆ ಹಿತ್ತಲಿನಲ್ಲಿ ವರ್ಷಗಟ್ಟಲೆ ಒಂದು ಎಸಳು ಹುಲ್ಲೂ ಹುಟ್ಟಲಿಲ್ಲ. ಹಾಳಾದ ಪುಡಿಯನ್ನೆಲ್ಲ ಹೂಳುತ್ತಿದ್ದದ್ದು ಅಲ್ಲೇ. ಬೆಳಗಾದರೆ ಹೋಗಲು ಜಾಗವಿಲ್ಲದ ಈ ಹತ್ತಿಪ್ಪತ್ತು ಜನ, ರಸ್ತೆ ಬದಿಯಿಂದ, ಕಾಲುವೆ ದಂಡೆಯಿಂದ ಹುಲ್ಲಿನ ಬೇರು ಕಿತ್ತು ಚೀಲದಲ್ಲಿ ತಂದು ನೆಡುತ್ತಿದ್ದರು. ಒಣಗುತ್ತಿತ್ತು. ಮತ್ತೆ ನೆಡುತ್ತಿದ್ದರು. ಮಾವನಿಗೆ ತಲೆ ಕೆಟ್ಟಿದೆ ಎಂದು ನನ್ನ ಗಂಡ ನಂಬಿಬಿಟ್ಟಿದ್ದ. ಕೊನೆಗೂ ಒಂದು ಜಾತಿಯ ಒರಟು ಹುಲ್ಲು ಪಟ್ಟು ಹಿಡಿದು ನಿಂತಿತು. ಅದರ ಮರೆಯಲ್ಲಿ ಬೇರೆ ಏನೇನೋ ಬಂದವು. ಮೊದಲ ಬಸವನಹುಳು ಕಂಡ ದಿನ ಮಾವ ಏದುಸಿರು ಬಿಡುತ್ತ ಮನೆಗೆ ಬಂದು ಸುದ್ದಿ ಹೇಳಿದ್ದರು. "ಮೊಮ್ಮಗಳು ಹುಟ್ಟಿದಾಗ ಇಷ್ಟು ಸಡಗರ ಇರ್ಲಿಲ್ಲ," ಎಂದು ನಾನು ಚುಚ್ಚಿದ್ದೆ. ಈಗ ಅಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದಿದೆ, ನಡುನಡುವೆ ಹೆಸರು ಗೊತ್ತಿಲ್ಲದ ಸಣ್ಣ ಹಳದಿ ಹೂಗಳೂ ಇವೆ.

ಮಾವನ ಗಲ್ಲಕ್ಕೆ ಮಣ್ಣು ಹಚ್ಚುತ್ತಿದ್ದೆ. ಅಸಿಸ್ಟೆಂಟ್ ಹುಡುಗಿ ಓಡಿ ಬಂದಳು. ಸದಾ ವಾಕಿಟಾಕಿ ಹಿಡಿದೇ ಓಡಾಡುವುದರಿಂದ ಎಲ್ಲರಿಗೂ ಅವಳು ವಾಕಿಟಾಕಿಯೇ.

"ಅಕ್ಕ, ಬೇಗ ಮುಗ್ಸಿ. ಇವತ್ತು ಹೆಣ ಎದ್ದು ಕೂರೋ ಮುಖಗಳ ಶಾಟ್ ಮಾತ್ರ. ಆಮೇಲೆ ಕಳೆನಾಶಕ ಹೊಡೆಯೋನು ಬರ್ತಾನೆ. ಹುಲ್ಲು ಅತೀ ಹಸಿರಾಯ್ತಂತೆ. ಹೊಡೆದ್ರೆ ನಾಳೆ ಬೆಳಿಗ್ಗೆಗೆ ಸುಟ್ಟ ಹಾಗೆ ಆಗತ್ತಂತೆ. ನಾಳೆ ದೊಡ್ಡ ಶಾಟ್."

ನನ್ನ ಕೈ ಗಲ್ಲದ ಮೇಲೇ ನಿಂತಿತು. ಮಾವ ಕುರ್ಚಿಯಿಂದ ಎದ್ದು, ಕತ್ತಿನ ಟವೆಲ್ ಮಡಿಸಿಟ್ಟು, ಹಿತ್ತಲಿಗೆ ನಡೆದರು. ಬಾಯಿ ಮುಚ್ಚಿದ ಮಾವ ಎಂದರೆ ನನಗೆ ಯಾವಾಗಲೂ ಭಯವೇ.

ಹೆಣಗಳೆಲ್ಲ ಹುಲ್ಲಿನಲ್ಲಿ ತಮ್ಮ ತಮ್ಮ ಜಾಗದಲ್ಲಿ ಮಲಗಿದವು. ಕ್ಯಾಮೆರಾ ಸಿದ್ಧವಾಯಿತು. ಡೈರೆಕ್ಟರ್ "ಆಕ್ಷನ್" ಎಂದ.

ಯಾರೂ ಏಳಲಿಲ್ಲ.

"ಕೇಳಿಸ್ಲಿಲ್ವೇನೋ, ವಯಸ್ಸಾದೋರು," ಎಂದು ಅವನು ಇನ್ನೂ ಜೋರಾಗಿ ಕೂಗಿದ. ಒಂದು ಕೈ ಎದ್ದಿತು, ಕೆನ್ನೆಯ ಮೇಲಿನ ಸೊಳ್ಳೆ ಹೊಡೆಯಿತು, ಮತ್ತೆ ಮಲಗಿತು.

ಗೇಟಿನ ಹತ್ತಿರ ಬೆನ್ನಿಗೆ ಟ್ಯಾಂಕು ಕಟ್ಟಿಕೊಂಡವನು ಬಂದು ನಿಂತಿದ್ದ. "ಎಲ್ಲಿ ಹೊಡಿ ಅಂದ್ರೆ ಅಲ್ಲಿ ಹೊಡೀತೀನಿ ಸಾರ್. ಆದ್ರೆ ಮನುಷ್ಯರ ಮೇಲೆ ಹೊಡೆಯಲ್ಲಪ್ಪ."

ವಾಕಿಟಾಕಿ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದಳು. "ಅಕ್ಕ, ಕರ್ಕೊಂಡು ಬಂದೋರು ನೀವು. ನೀವೇ ಎಬ್ಬಿಸ್ಬೇಕು. ಇವ್ರು ಏಳ್ಲಿಲ್ಲ ಅಂದ್ರೆ ಮುಂದಿನ ಸಿನಿಮಾಗೆ ನಿಮ್ಮನ್ನ ಕರೆಯೋಕೆ ನಾನು ಹೆಂಗೆ ಹೇಳ್ಲಿ?"

ಅವಳು ಹೇಳಿದ್ದು ಸುಳ್ಳಲ್ಲ. ಹೋಗಿ ಮಾವನ ಪಕ್ಕ ಕುಕ್ಕರಗಾಲಿನಲ್ಲಿ ಕೂತೆ. ಅವರು ಕಣ್ಣು ಮುಚ್ಚಿಕೊಂಡೇ ಇದ್ದರು.

"ಮಾವ, ನನ್ನ ಕೆಲಸ ಹೋಗತ್ತೆ."

"ಗೊತ್ತಮ್ಮ." ಮಣ್ಣು ಉದುರದ ಹಾಗೆ ತುಟಿ ಆಡಿಸದೆ ಮಾತಾಡಿದರು. ಆ ಸ್ಥಿತಿಯಲ್ಲೂ ನನ್ನ ಕೆಲಸ ಕೆಡಬಾರದೆಂಬ ಕಾಳಜಿ. "ಬಯ್ಯಿ. ಎಲ್ಲರ ಎದುರಿಗೆ ನಂಗೆ ಚೆನ್ನಾಗಿ ಬೈದುಬಿಡು. ನಿನ್ನ ತಪ್ಪಿಲ್ಲ ಅಂತ ಆಗತ್ತೆ. ಆದ್ರೆ ನಾನು ಏಳಲ್ಲ."

ಅತ್ತ ಮಲಗಿದ್ದ ಪ್ಯಾಕಿಂಗ್ ಅಕ್ಕ ಕೇಳಿಸಿಕೊಂಡಳು. ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದವಳು, ಈ ಗುಂಪಿಗೇ ಜೋರು. "ಬಯ್ಯೋದಾದ್ರೆ ನಂಗೂ ಸೇರಿಸಿ ಬಯ್ಯೇ ಹುಡುಗಿ, ನಾನೂ ಏಳಲ್ಲ. ಸೊಂಟ ಹಿಡ್ಕೊಂಡಿದೆ, ಹೇಗಿದ್ರೂ ಏಳೋಕಾಗಲ್ಲ."

ಅಷ್ಟರಲ್ಲಿ ಡೈರೆಕ್ಟರೇ ಬಂದ. ಕೋಪಕ್ಕಿಂತ ಹೆಚ್ಚಾಗಿ ಅವನ ಮುಖದಲ್ಲಿ ದಿಗಿಲಿತ್ತು. ನಾಳೆ ಸಂಜೆ ಹೀರೋ ಹೊರಟುಹೋಗುತ್ತಾನೆ, ಮತ್ತೆ ಸಿಗುವುದಿಲ್ಲ.

"ಅಜ್ಜ, ಏನಿದು?"

ಮಾವ ಒಂದು ಕಣ್ಣು ತೆರೆದರು. "ನಿಮ್ಮ ಸಿನಿಮಾದಲ್ಲಿ ಔಷಧಿ ಹೊಡೆದ್ರೆ ಹೆಣ ಎದ್ದು ಕೂರತ್ತೆ. ಇಲ್ಲಿ ಔಷಧಿ ಹೊಡೀತೀವಿ ಅಂದಿದ್ದಕ್ಕೇ ಹೆಣ ಮಲಗಿಬಿಟ್ಟಿವೆ. ಕಥೆ ಸ್ವಲ್ಪ ತಿರುಗಾಮುರುಗಾ ಆಯ್ತು ನೋಡಿ."

"ನಂಗೆ ಸತ್ತ ನೆಲ ಬೇಕು ಅಜ್ಜ."

"ಅದಕ್ಕೆ ಮೊದಲೇ ಬರಬೇಕಿತ್ತು. ಬೇಕಾದಷ್ಟಿತ್ತು. ನಾವೇ ಕೈಯಾರೆ ಮಾಡಿ ಇಟ್ಟಿದ್ವಿ."

ಡೈರೆಕ್ಟರ್ ಸುತ್ತ ನೋಡಿದ. ಕಂಪನಿಯ ಕಥೆ ಬರೆದ ತಾನೇ ಈಗ ಆ ಕಂಪನಿಯ ಜಾಗದಲ್ಲಿ ಕೂತಿದ್ದೇನೆ ಎಂದು ಆಗ ಹೊಳೆಯಿತೋ ಏನೋ, ಹುಲ್ಲಿನ ಮೇಲೆ ತಲೆ ಹಿಡಿದುಕೊಂಡು ಕೂತುಬಿಟ್ಟ. "ಹಸಿರು ಹುಲ್ಲಲ್ಲಿ ಹೆಣ ಎದ್ರೆ ಪಿಕ್ನಿಕ್ ಥರ ಕಾಣತ್ತೆ. ನಾನೇನು ಮಾಡ್ಲಿ ಹೇಳಿ."

ನನ್ನ ಕೈಯಲ್ಲಿ ಇನ್ನೂ ಮಣ್ಣಿನ ಬಟ್ಟಲಿತ್ತು. ಬಟ್ಟಲು ನೋಡಿದೆ, ಮಾವನ ಮುಖ ನೋಡಿದೆ.

"ಇವ್ರನ್ನ ಬೆಳಿಗ್ಗೆ ಸಾಯಿಸಿ ಸಂಜೆ ತೊಳೆದು ಮನೆಗೆ ಕಳಿಸ್ತೀನಲ್ಲ ಸಾರ್. ಹುಲ್ಲಿಗೂ ಹಾಗೇ ಮಾಡ್ಬಹುದಲ್ವಾ?"

ಹಳದಿ ಮಣ್ಣು, ಬೂದು ಮಣ್ಣು, ನೀರು ಕಲಸಿ ಮೇಕಪ್ ವ್ಯಾನಿನ ಪಕ್ಕ ಒಂದು ತುಂಡು ಜಾಗದ ಹುಲ್ಲಿಗೆ ಬಳಿದೆ. ಗೋಡೆಗೆ ಗಾರೆ ಮೆತ್ತಿದ ಹಾಗೆ ಕಂಡಿತು. ಡೈರೆಕ್ಟರ್ ಆಗದು ಎಂಬಂತೆ ತಲೆಯಾಡಿಸಿದ, ವಾಕಿಟಾಕಿ ಮುಖ ತಿರುಗಿಸಿದಳು. ಸೊಂಟ ಹಿಡಿದ ಪ್ಯಾಕಿಂಗ್ ಅಕ್ಕ ಅದು ಹೇಗೆ ಎದ್ದು ಬಂದಳೋ, ಕುಂಚ ಕಸಿದುಕೊಂಡಳು.

"ಬುಡಕ್ಕೆ ಯಾಕೆ ಮೆತ್ತಿದೀಯೇ? ಹುಲ್ಲು ಸಾಯೋದು ತುದಿಯಿಂದ. ಎಷ್ಟು ಸಲ ನೋಡಿ ಕಣ್ಣೀರು ಹಾಕಿದೀವಿ, ಗೊತ್ತಾಗಲ್ವಾ?"

ತುದಿಗೆ ಮಾತ್ರ ತೆಳ್ಳಗೆ ಸವರಿದಳು. ಡೈರೆಕ್ಟರ್ ಹೊಟ್ಟೆಯ ಮೇಲೆ ಮಲಗಿ, ಬೆರಳುಗಳ ಚೌಕಟ್ಟಿನಿಂದ ನೋಡಿದ. "ಕ್ಯಾಮೆರಾ ಇಷ್ಟು ಕೆಳಗಿಟ್ರೆ ತುದಿಗಳೇ ಕಾಣೋದು," ಎಂದ. ಎದ್ದು ಅಂಗಿ ಕೊಡವಿಕೊಳ್ಳುತ್ತ, "ಆಗತ್ತೆ," ಎಂದ.

ಆದರೆ ಮಾವ ಅಷ್ಟಕ್ಕೇ ಏಳಲಿಲ್ಲ. "ಮಣ್ಣು ಒಣಗಿ ಕೂತ್ರೆ ಹುಲ್ಲಿಗೆ ಉಸಿರು ಕಟ್ಟತ್ತೆ. ನಾಳೆ ಶಾಟ್ ಮುಗಿದ ತಕ್ಷಣ ತೊಳೀಬೇಕು. ಮಾತು ಕೊಡಿ."

"ನೀರಿನ ಲಾರಿ ತರಿಸ್ತೀನಿ."

ಆಗ ಹೆಣಗಳು ಎದ್ದವು. ಟ್ಯಾಂಕಿನವನು, "ನನ್ನ ಟ್ಯಾಂಕಲ್ಲಿ ಬಣ್ಣ ಹೊಡೆದ್ರೆ ಬೇಗ ಆಗತ್ತಲ್ಲ," ಎಂದು ಒಳಗೆ ಬರಲು ನೋಡಿದ. "ನೀನು ಬಾ. ಟ್ಯಾಂಕು ಗೇಟಿನ ಹೊರಗೇ ಇರಲಿ," ಎಂದರು ಮಾವ. ಅವನು ಟ್ಯಾಂಕು ಇಳಿಸಿ, ಕೈ ಉಜ್ಜಿ ಉಜ್ಜಿ ತೊಳೆದು, ನಾಳೆಗೆ ಕೈ ಪಳಗಲೆಂದು ಒಂದು ಕುಂಚ ಹಿಡಿದು ಆ ತುಂಡು ಜಾಗದ ಮುಂದೆ ಕೂತ.

ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ಹಾದುಹೋದವರಿಗೆ ಕಂಡದ್ದು ಇಷ್ಟು: ಬೂದಿ ಮುಖದ ಇಪ್ಪತ್ತು ಹೆಣಗಳು ಸಾಲಾಗಿ ಬಗ್ಗಿ, ಪರಸ್ಪರ ಬೈದುಕೊಳ್ಳುತ್ತ, ಹುಲ್ಲಿಗೆ ಬಣ್ಣ ಬಳಿಯುತ್ತಿವೆ. ಒಬ್ಬ ಸೈಕಲ್ ನಿಲ್ಲಿಸಿ ನೋಡಿ, ಹಾಗೇ ತಿರುಗಿಸಿಕೊಂಡು ಹೋದ.

ದೊಡ್ಡ ಶಾಟ್ ಮಧ್ಯಾಹ್ನದ ಮೇಲೆ ಆಯಿತು. ಸತ್ತ ಹುಲ್ಲಿನೊಳಗಿಂದ ಅವರು ಒಬ್ಬೊಬ್ಬರಾಗಿ ಎದ್ದರು. ಮೊಣಕಾಲು ನೋವಿಗೆ ನಿಧಾನ ತಾನಾಗಿಯೇ ಬಂತು, ಕಲಿಸಬೇಕಾಗಲಿಲ್ಲ. ನಾನೇ ಮಾಡಿದ ಹೆಣಗಳನ್ನು ನೋಡಿ ನನ್ನ ಮೈ ಜುಮ್ಮೆಂದಿತು.

ಶಾಟ್ ಮುಗಿಯಿತು. ಹೀರೋ ಹೋದ. ದೀಪ, ತಂತಿ, ಪೆಟ್ಟಿಗೆಗಳು ವ್ಯಾನ್ ಸೇರಿದವು. ನೀರಿನ ಲಾರಿ ಬರಲಿಲ್ಲ. ಮಾವ ಮುಖವನ್ನೂ ತೊಳೆಯದೆ ಗೇಟಿನಲ್ಲಿ ನಿಂತು ರಸ್ತೆ ನೋಡುತ್ತಿದ್ದರು. ತುದಿಗಳ ಮೇಲೆ ಮಣ್ಣು ಬೆಳ್ಳಗೆ ಬಿಗಿಯುತ್ತಿತ್ತು. ಡೈರೆಕ್ಟರ್ ಕಾರಿನ ಬಾಗಿಲು ತೆಗೆದದ್ದು ನನಗೆ ಕಂಡಿತು. ಮುಗಿಯಿತು, ಇವನೂ ಹೊರಟ ಎಂದುಕೊಂಡೆ. ಅವನು ಶೂ ಬಿಚ್ಚಿ ಕಾರಿನೊಳಗೆ ಎಸೆದು, ಪ್ಯಾಂಟು ಮಡಿಸಿಕೊಂಡು ವಾಪಸ್ಸು ಬಂದ.

"ಲಾರಿ ಕೆಟ್ಟು ನಿಂತಿದೆಯಂತೆ. ಇಲ್ಲೆಲ್ಲಾದ್ರೂ ನಲ್ಲಿ ಇದೆಯಾ?"

ಕಾವಲುಗಾರನ ಕೋಣೆಯ ಹಿಂದೆ ಒಂದಿತ್ತು. ನನ್ನ ಮೇಕಪ್ ಬಕೆಟ್ಟುಗಳು, ಅಡುಗೆಯವರ ಪಾತ್ರೆಗಳು, ಹೂವಿನ ಗಿಡಕ್ಕೆ ನೀರು ಹಾಕುವ ಒಂದು ಡಬ್ಬ. ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದೆವು. ವಾಕಿಟಾಕಿ ತನ್ನ ವಾಕಿಟಾಕಿಯನ್ನು ನನ್ನ ಕುರ್ಚಿಯ ಮೇಲೆ ಬಿಟ್ಟು ಬಂದಳು. ಮಗಳನ್ನು ಕರೆದುಕೊಂಡು ಬಂದ ನನ್ನ ಗಂಡನ ಕೈಗೂ ಒಂದು ಬಕೆಟ್ ಬಂತು, ಅವನು ಬಾಯಿ ಬಿಡುವ ಮೊದಲೇ. ನೀರು ಬಿದ್ದಲ್ಲೆಲ್ಲ ಹುಲ್ಲು ತೊನೆದು ಹಸಿರಾಗಿ ತಿರುಗಿತು. ಹಳದಿ ಹೂಗಳಲ್ಲಿ ಬಹಳಷ್ಟು ತುಳಿತಕ್ಕೆ ಸಿಕ್ಕಿದ್ದವು.

ಡೈರೆಕ್ಟರ್ ಅದನ್ನೇ ನೋಡುತ್ತಿದ್ದ. "ಅಜ್ಜ, ಇದು ಮತ್ತೆ ಹೂ ಬಿಡತ್ತಾ?"

"ಬಿಡದೆ ಏನು? ಇದಕ್ಕಿಂತ ಕೆಟ್ಟದ್ದು ಕಂಡಿದೆ ಅದು."

"ಬಿಟ್ಟಾಗ ನೋಡೋಕೆ ಬರಬಹುದಾ? ಕ್ಯಾಮೆರಾ ಇಲ್ದೆ."

ಮಾವ ಅವನನ್ನು ಕಾರ್ಖಾನೆಯ ಹಿಂಗೋಡೆಯ ಹತ್ತಿರ ಕರೆದೊಯ್ದರು. ಅಲ್ಲಿ ಚಾಪೆ ಹಾಸುವಷ್ಟು ಜಾಗ ಇನ್ನೂ ಬೋಳಾಗಿತ್ತು, ಬೂದು ಬಣ್ಣಕ್ಕಿತ್ತು. ಅದು ನಾನು ಬಳಿದದ್ದಲ್ಲ.

"ಬನ್ನಿ, ಧಾರಾಳವಾಗಿ ಬನ್ನಿ. ಕೈ ಬೀಸ್ಕೊಂಡು ಮಾತ್ರ ಬರಬೇಡಿ, ಒಂದು ಚೀಲ ಬೇರು ತನ್ನಿ. ಇಲ್ಲಿ ಇನ್ನೂ ಒಂದೂ ಹಿಡಿದಿಲ್ಲ."

ಡೈರೆಕ್ಟರ್ ಕುಕ್ಕರಗಾಲಿನಲ್ಲಿ ಕೂತು ಆ ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿದ. "ಎಂಥ ಹುಲ್ಲು ತರಬೇಕು?" ಎಂದು ಕೇಳಿದ. ಮಾವ ಹೇಳಲು ಶುರುಮಾಡಿದರು. ಅದು ಬೇಗ ಮುಗಿಯುವ ಮಾತಲ್ಲ ಎಂದು ನನಗೆ ಗೊತ್ತಿತ್ತು. ನಾನು ಬಕೆಟ್ ಎತ್ತಿಕೊಂಡು ಮತ್ತೆ ನಲ್ಲಿಯ ಕಡೆ ನಡೆದೆ.