ಆರು ಗಂಟೆಯ ಮುತ್ಯಾಲಮ್ಮ

"ಆವನಿ ಊರಿಗೇ ಹೋಗಿ ಬಂದೆ ಮೇಡಮ್ನೋರೇ. ಮೂರು ಜನ ಮುತ್ಯಾಲಮ್ಮ ಸಿಕ್ಕಿದ್ರು. ಮೂರು ಜನಾನೂ 'ನಾನಲ್ಲಪ್ಪಾ' ಅಂದ್ಬಿಟ್ರು."

ಫೋನಿನಲ್ಲಿ ಶ್ರೀನಿವಾಸಪುರದ ನರ್ಸರಿಯ ಆಂಜಿನಪ್ಪ. ರಜನಿ ಟೀ ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಪಾಪಂ, ದಿನಾ ಬೆಳಿಗ್ಗೆ ಆರಕ್ಕೆ ಒಂದು ಟ್ರೇ ಟೊಮೇಟೊ ಸಸಿ ಬುಕ್ ಮಾಡ್ತಾಳೆ, ಎರಡೇ ನಿಮಿಷಕ್ಕೆ ಕ್ಯಾನ್ಸಲ್ ಮಾಡ್ತಾಳೆ. ಮನೇಲಿ ಏನೋ ತೊಂದ್ರೆ ಇರ್ಬೇಕು. ಹನ್ನೊಂದು ಟ್ರೇ ಎತ್ತಿಟ್ಟಿದೀನಿ. ಅಡ್ರೆಸ್ ಇದ್ರೆ ಕೊಡಿ."

"ನೋಡಿ ಹೇಳ್ತೀನಿ" ಎಂದಳು. ನೋಡುವುದೇನಿತ್ತು? ಆ ಮುತ್ಯಾಲಮ್ಮನನ್ನು ಹುಟ್ಟಿಸಿದವಳು ಅವಳೇ.

ಅದು ಎರಡು ಸಾವಿರದ ಎಂಟನೇ ಇಸವಿ. ಕೋಲಾರದ ಬಸ್‌ಸ್ಟ್ಯಾಂಡಿನ ಎದುರಿನ ಮಹಡಿಯಲ್ಲಿ ವೆಂಕಟರಮಣ ಅವರ ಪುಟ್ಟ ಕಚೇರಿ. ನರ್ಸರಿಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ಕೆಲಸ. ರೈತರು ಇಂಟರ್ನೆಟ್ ಅಂಗಡಿಗೆ ಹೋಗಿ ಸಸಿ ಬುಕ್ ಮಾಡಿದರೆ ನರ್ಸರಿಯವರ ಮೊಬೈಲಿಗೆ ಮೆಸೇಜು ಬೀಳುತ್ತಿತ್ತು. ನಾಲ್ಕು ನರ್ಸರಿಗಳಿದ್ದಾಗ ಸೈಟು ನಡೆಯುತ್ತಿದೆಯೇ ಎಂದು ರಜನಿಯೇ ತೆರೆದು ನೋಡುತ್ತಿದ್ದಳು. ನಲವತ್ತೊಂದಾದ ಮೇಲೆ ಸಾಧ್ಯವೇ? ರೈತರ ಹಾಗೆ ನಟಿಸುವ ಪ್ರೋಗ್ರಾಮು ಬರೆದಳು. ಕಾಲು ಗಂಟೆಗೊಮ್ಮೆ ಅದು ಎಲ್ಲ ಸೈಟುಗಳ ಬಾಗಿಲು ತಟ್ಟುತ್ತಿತ್ತು; ದಿನಕ್ಕೊಮ್ಮೆ ಬುಕ್ ಮಾಡಿ, ರದ್ದೂ ಮಾಡಿ ನೋಡುತ್ತಿತ್ತು. ಮೊದಮೊದಲು ಎಲ್ಲೋ ಒಂದು ಲೈನು ಹೋದರೆ ನಲವತ್ತು ಎಚ್ಚರಿಕೆಗಳು ಒಟ್ಟಿಗೆ ಬಂದು ಅವಳ ಮೊಬೈಲು ಮೇಜಿನ ಮೇಲೆ ಕುಣಿಯುತ್ತಿತ್ತು. ಆಮೇಲೆ ಎಲ್ಲವನ್ನೂ ತಾಲ್ಲೂಕುವಾರು ಜೋಡಿಸಿ, ತಾಲ್ಲೂಕಿಗೊಂದೇ ಎಚ್ಚರಿಕೆ ಬರುವಂತೆ ಮಾಡಿ, ತಾಲ್ಲೂಕಿಗೊಬ್ಬ ಸುಳ್ಳು ಗಿರಾಕಿಯನ್ನು ನೇಮಿಸಿದಳು. ಮಾಲೂರಿಗೆ ಮುನಿಯಲ್ಲಪ್ಪ, ಕೋಲಾರಕ್ಕೆ ಚನ್ನರಾಯಪ್ಪ, ಶ್ರೀನಿವಾಸಪುರಕ್ಕೆ ಪಕ್ಕದ ತಾಲ್ಲೂಕಿನ ಆವನಿಯ ಮುತ್ಯಾಲಮ್ಮ. ಇವು ಪರೀಕ್ಷೆಯ ಹೆಸರುಗಳೆಂದು ನರ್ಸರಿಯವರಿಗೆಲ್ಲ ಹೇಳಿಯೂ ಇದ್ದಳು. ಹೊಸದಾಗಿ ಸೇರಿದ ಆಂಜಿನಪ್ಪನಿಗೊಬ್ಬನಿಗೆ ಹೇಳಲು ಮರೆತಿದ್ದಳು.

"ಟೆಕ್ನಿಕಲ್ ಪ್ರಾಬ್ಲಮ್ ಅಂದ್ಬಿಡಮ್ಮಾ" ಎಂದರು ವೆಂಕಟರಮಣ, ಫೋನಿನ ವಿಷಯ ಕೇಳಿ. "ನಾವೇ ಸುಳ್ಳು ಬುಕಿಂಗ್ ಮಾಡ್ತೀವಿ ಅಂತ ಗೊತ್ತಾದ್ರೆ ನಾಳೆಯಿಂದ ನಿಜವಾದ ರೈತರನ್ನೂ ಅವನು ನಂಬಲ್ಲ."

"ಬೈಕ್ ತಗೊಂಡು ಆವನಿಗೆ ಹೋಗಿ ಹುಡುಕಿದಾರೆ ಸಾರ್."

ವೆಂಕಟರಮಣ ಕನ್ನಡಕ ತೆಗೆದು ಒರೆಸಿದರು. "ಹೋಗ್ಬಾ ಹಾಗಾದ್ರೆ. ಬೈದ್ರೆ ನನ್ನ ಹೆಸರು ಹೇಳು."

ನರ್ಸರಿಯ ನೆರಳುಬಲೆಯ ಕೆಳಗೆ, ಒಂದು ಮೂಲೆಯಲ್ಲಿ ಹನ್ನೊಂದು ಟ್ರೇಗಳು ಸಾಲಾಗಿದ್ದವು. ಸಸಿಗಳು ಸೊಂಪಾಗಿದ್ದರೂ ಕಾಂಡ ಉದ್ದವಾಗಿ ಎಳೆದುಕೊಂಡಿತ್ತು.

"ಕ್ಯಾನ್ಸಲ್ ಆಗಿದ್ದನ್ನ ಯಾಕೆ ಎತ್ತಿಟ್ರಿ ಆಂಜಿನಪ್ಪನೋರೇ?"

"ಬೋಣಿ ಅಲ್ವೇನಮ್ಮಾ! ದಿನದ ಮೊದಲ್ನೇ ಗಿರಾಕಿ. ಬೋಣಿ ವಾಪಸ್ ತಗೊಂಡ್ರೆ ಆವತ್ತು ವ್ಯಾಪಾರ ಆಗುತ್ತಾ? ನಿನ್ನೆ ಒಬ್ಬ ಬಂದು ಇವನ್ನೇ ಕೊಡಿ ಅಂತ ಗೋಗರೆದ, ಕೊಡ್ಲಿಲ್ಲ. ಇನ್ನೆರಡು ದಿನದಲ್ಲಿ ಮಣ್ಣು ಸೇರದಿದ್ರೆ ತಿಪ್ಪೆಗೇ ಇವು."

ರಜನಿ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಆಂಜಿನಪ್ಪ ನೀರಿನ ಪೈಪು ಹಿಡಿದುಕೊಂಡೇ ಕೇಳಿದ. ನೀರು ಅವನ ಕಾಲ ಮೇಲೆ ಹರಿಯುತ್ತಿತ್ತು.

"ಅಂದ್ರೆ ಮನುಷ್ಯಳೇ ಅಲ್ಲ?"

"ಅಲ್ಲ."

"ಗಂಡ, ಮಕ್ಕಳು?"

"ಯಾರೂ ಇಲ್ಲ."

"ಅಯ್ಯೋ, ಗಂಡ ಕುಡುಕನೇ ಇರ್ಬೇಕು ಅಂತ ಹನ್ನೊಂದು ದಿನದಿಂದ ಅವನ್ನ ಬೈತಾ ಇದೀನಲ್ಲಮ್ಮಾ!"

ರಜನಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. "ಬೈಯೋದಿದ್ರೆ ನನ್ನ ಬೈಯಿರಿ. ಅವಳನ್ನ ಇವತ್ತೇ ನಿಲ್ಲಿಸ್ತೀನಿ."

ಆಂಜಿನಪ್ಪ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದ. ಟವೆಲ್ಲಿನಲ್ಲಿ ಕೈ ಒರೆಸಿಕೊಂಡ.

"ಅಂಗಡಿ ತೆಗೆದದೋ ಇಲ್ವೋ ಅಂತ ನೋಡಕ್ಕೆ ತಾನೇ ಬರೋದು? ಬರ್ಲಿ ಬಿಡಿ. ಬೋಣಿ ಆದ್ಮೇಲೆ ಬರ್ಲಿ, ಹತ್ತು ಗಂಟೆಗೆ. ಆದ್ರೆ ಮಿಕ್ಕೋರು? ಅವರೆಲ್ಲಾ ಅನ್ನ ತಿನ್ನೋ ಮನುಷ್ಯರೇ ತಾನೇ?"

"ಅಮ್ಮನಾಣೆ. ಆ ಒಬ್ಬಳು ಬಿಟ್ರೆ ಮಿಕ್ಕೋರೆಲ್ಲಾ ನಿಜ."

"ಸರಿ. ಇವನ್ನ ಎತ್ಕೊಳ್ಳಿ ಈಗ."

"ನಾನಾ?"

"ಆಯಮ್ಮನ ಕಡೆಯೋರು ಅಂತ ಇರೋದು ನೀವೊಬ್ರೇ. ಬೋಣಿ ಸಾಮಾನು ಬ್ಯಾಡ ಅನ್ಬಾರ್ದು. ಟ್ರೇ ಮಾತ್ರ ವಾಪಸ್ ತಂದ್ಕೊಡಿ."

ರಜನಿ ಸುಗಟೂರಿನ ತನ್ನ ಮನೆಗೆ ಫೋನ್ ಮಾಡಿದಳು. "ಅಮ್ಮಾ, ಹಿತ್ತಲಾಚೆ ಖಾಲಿ ಮಡಿಗೆ ನೀರು ಬಿಡಮ್ಮಾ. ಟೊಮೇಟೊ ಸಸಿ ತರ್ತಾ ಇದೀನಿ, ಹನ್ನೊಂದು ಟ್ರೇ, ಹತ್ತಿರ ಹತ್ತಿರ ಸಾವಿರ."

"ಸಾವಿರಾನಾ? ನಿಂಗೇನ್ ತಲೆ ಕೆಟ್ಟದೇನೇ?" ಎಂದಳು ತಾಯಿ ಶಾಮಲಮ್ಮ. ಬೈಯುತ್ತಲೇ ಗುದ್ದಲಿ ಎಲ್ಲಿಟ್ಟೆಯೆಂದು ಯಾರನ್ನೋ ಕೂಗುವುದೂ ಕೇಳಿಸಿತು.

ಸಂಜೆಯ ಬಸ್ಸಿನಲ್ಲಿ ಕಂಡಕ್ಟರು ಬಾಗಿಲಿಗೇ ಅಡ್ಡ ನಿಂತ. "ಏನಮ್ಮಾ ಇದು, ತೋಟಾನೇ ಹತ್ತಿಸ್ತಾ ಇದೀಯ? ಟಾಪ್ ಮೇಲೆ ಹಾಕು."

"ಗಾಳಿಗೆ ಮುರಿದೋಗ್ತವಣ್ಣಾ. ಇಷ್ಟು ಉದ್ದ ಆಗವೆ ನೋಡು" ಎಂದ ಬಸ್ಸು ಹತ್ತಿಸಲು ಬಂದಿದ್ದ ಆಂಜಿನಪ್ಪ.

ಕಿಟಕಿಯ ಪಕ್ಕದ ಅಜ್ಜಿ ಸೆರಗು ಸರಿಮಾಡಿಕೊಂಡು ಕೈ ಚಾಚಿದಳು. "ಇಲ್ಲಿ ಕೊಡಮ್ಮಾ ಒಂದು." ಹಿಂದಿನ ಸೀಟಿನವರು ಎರಡು ತೆಗೆದುಕೊಂಡರು, ಕಾಲೇಜು ಹುಡುಗಿಯರು ನಾಲ್ಕು; ಮೂರನ್ನು ರಜನಿ ತಾನೇ ಇಟ್ಟುಕೊಂಡಳು. ಕೊನೆಯದನ್ನು ಕಂಡಕ್ಟರೇ ತನ್ನ ಸೀಟಿನ ಮೇಲಿಟ್ಟು, ನಿಂತುಕೊಂಡೇ ಟಿಕೆಟ್ ಹರಿದ. ಬಸ್ಸು ಕೆರೆಯ ತಿರುವಿನಲ್ಲಿ ವಾಲಿದಾಗ ಎಲ್ಲರ ಮಡಿಲಿನ ಸಸಿಗಳೂ ಒಂದೇ ಕಡೆಗೆ ಬಾಗಿ, ಮತ್ತೆ ನೆಟ್ಟಗಾದವು.