ಬಾಗುವ ಮುನ್ನ

ತಾಂಗ್ ಬೋಯಾನ್ ಮೇಷ್ಟ್ರ ಬಲಗೈಗೆ ವಿರಾಮವೆಂಬುದೇ ಇರಲಿಲ್ಲ. ಊಟಕ್ಕೆ ಕುಳಿತರೆ ಚಾಪ್‌ಸ್ಟಿಕ್, ಬೀದಿಗಿಳಿದರೆ ಕೊಡೆಯ ಹಿಡಿ, ಏನೂ ಸಿಗದಿದ್ದರೆ ನೀಲಿ ಹತ್ತಿಕೋಟಿನ ಕೊನೆಯ ಗುಂಡಿ. ಹೆಬ್ಬೆರಳು ತೋರುಬೆರಳುಗಳ ನಡುವೆ ಯಾವುದಾದರೊಂದು ವಸ್ತು ಮೆಲ್ಲಗೆ ಉರುಳುತ್ತಲೇ ಇರಬೇಕು. ಆ ಗುಂಡಿಯನ್ನು ಅವರ ಹೆಂಡತಿ ತಿಂಗಳಿಗೊಮ್ಮೆ ಹೊಲಿದುಕೊಡುತ್ತಿದ್ದರು. ಹುಝೌ ನಗರದ ಕಲಾಶಾಲೆಯೊಂದರಲ್ಲಿ ಅವರು ಲಿಪಿಕಲೆಯನ್ನೂ ನಾನು ಇತಿಹಾಸವನ್ನೂ ಕಲಿಸುತ್ತಿದ್ದೆವು.

ಆ ಉರುಳಾಟದ ಹಿಂದೆ ಮೂವತ್ತು ವರ್ಷಗಳ ತಪಸ್ಸಿತ್ತು. ಪ್ರಾಚೀನರು ಚಾಪೆಯ ಮೇಲೆ ಕುಳಿತು, ಎಡಗೈಯಲ್ಲಿ ಕಾಗದ ಹಿಡಿದು, ಬಲಗೈಯ ಕುಂಚವನ್ನು ಬೆರಳುಗಳಲ್ಲೇ ಹೊರಳಿಸುತ್ತ ಬರೆಯುತ್ತಿದ್ದರು. ಆದ್ದರಿಂದಲೇ ಗೆರೆ ಬಾಗುವೆಡೆಯಲ್ಲೂ ಕುಂಚದ ಕೂದಲು ಚದುರದೆ ಮೊನೆ ಗೆರೆಯ ನಟ್ಟನಡುವೆ ಸಾಗುತ್ತಿತ್ತು. ಎತ್ತರದ ಮೇಜುಗಳು ಬಂದ ಮೇಲೆ ಮಣಿಕಟ್ಟು ಯಜಮಾನನಾಯಿತು, ಬೆರಳುಗಳ ವಿದ್ಯೆ ಸತ್ತಿತು ಎಂಬುದು ಅವರ ವಾದ. ಹಳೆಯ ಬರಹಗಳ ಒಂದೊಂದು ತಿರುವನ್ನೂ ಭೂತಗನ್ನಡಿಯಲ್ಲಿ ಪರೀಕ್ಷಿಸಿ, ನಾನೂರು ಪುಟ ಬರೆದು ಶಾಲೆಯ ಸಮಿತಿಯ ಮುಂದಿಟ್ಟರು. ಸಮಿತಿಯಲ್ಲಿ ನಾನೂ ಇದ್ದೆ, ಅದನ್ನು ಪೂರ್ತಿ ಓದಿಯೂ ಇದ್ದೆ. ಅಧ್ಯಕ್ಷ ನಿಂಗ್, ಮೇಷ್ಟ್ರ ಹಳೆಯ ಶಿಷ್ಯ, ಪುಟ ಮಗುಚುತ್ತ ಕೇಳಿದ:

"ಏನ್ ಮೇಷ್ಟ್ರೇ, ಇದು ಅಕ್ಷರ ಬರೆಯೋದೋ, ಶಾವಿಗೆ ಹೊಸೆಯೋದೋ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಹಸ್ತಪ್ರತಿ ನಿಂಗ್‌ನ ಕಪಾಟು ಸೇರಿತು.

ಒಂಬತ್ತು ವರ್ಷಗಳ ಮೇಲೆ, ಮೇಷ್ಟ್ರು ನಿವೃತ್ತರಾಗಿ ಎಲ್ಲರಿಗೂ ಮರೆತುಹೋಗಿದ್ದಾಗ, ಅದೇ ವಾದ ನಿಂಗ್‌ನ ಹೆಸರು ಹೊತ್ತ ಪುಸ್ತಕವಾಗಿ ಹೊರಬಂತು. ಬಿಡುಗಡೆಯ ಸಭೆಯಲ್ಲಿ ಅವನೇ ಕುಂಚ ಹೊರಳಿಸಿ ತೋರಿಸುತ್ತಿದ್ದಾಗ ಮೂರನೆಯ ಸಾಲಿನಿಂದ ಮೇಷ್ಟ್ರು ಎದ್ದು ನಿಂತರು. ಈಗ 'ಕಳ್ಳ' ಎನ್ನುತ್ತಾರೆಂದುಕೊಂಡೆ.

"ತಪ್ಪು ಕಣೋ ನಿಂಗ್! ಗೆರೆ ಬಾಗಿದ ಮೇಲೆ ಹೊರಳಿಸ್ತಿದೀಯ. ಬಾಗೋಕ್ ಮುಂಚೇನೇ ಶುರು ಮಾಡ್ಬೇಕು. ಮೊನೆ ಸೀಳಿದ್ದು ಕಾಣಲ್ವೇನೋ?"

"ಹಿರಿಯರಿಗೆ ಆಯಾಸ ಆಗಿದೆ, ಹೊರಗಡೆ ಕೂರಿಸಿ ಸ್ವಲ್ಪ," ಎಂದು ನಿಂಗ್ ನಗುತ್ತಲೇ ಅಂದ. ಹೊಟ್ಟೆಕಿಚ್ಚಿನ ಮುದುಕನೆಂದು ಸಭೆ ಗುಸುಗುಟ್ಟಿತು. ಇಬ್ಬರು ರಟ್ಟೆ ಹಿಡಿದು ಕರೆದೊಯ್ದರು.

ಹೊರಗಿನ ಮೆಟ್ಟಿಲ ಮೇಲೆ ನಾನು ಕೇಳಿದೆ: "ಅದು ನಿಮ್ಮದೇ ಅಂತ ಹೇಳ್ಬಾರದಿತ್ತೇ ಮೇಷ್ಟ್ರೇ?"

"ನೀವು ಹೇಳ್ಬಹುದಿತ್ತಲ್ಲ. ಆ ನಾನೂರು ಪುಟ ಓದಿದೋರು ನಿಂಗ್, ನೀವು, ಇಬ್ರೇ," ಎಂದರು, ಕೋಪವಿಲ್ಲದ ದನಿ. "ಹೋಗ್ಲಿ ಬಿಡಿ. ಪುಸ್ತಕದ ಎಂಟನೇ ಚಿತ್ರದಲ್ಲೂ ಅದೇ ತಪ್ಪಿದೆ, ಅದನ್ನ ತಿದ್ದಿಸ್ರಪ್ಪ. ಮಕ್ಕಳು ನೋಡ್ಕೊಂಡು ಕಲೀತಾವೆ."

ನಾನು ತಿದ್ದಿಸಲಿಲ್ಲ. ನಿಂಗ್‌ನ ಸಹಿಯಿಲ್ಲದೆ ನನ್ನ ಬಡ್ತಿಯಾಗುತ್ತಿರಲಿಲ್ಲ. ಮೇಷ್ಟ್ರು ಪ್ರಕಾಶಕರಿಗೆ ಪತ್ರದ ಮೇಲೆ ಪತ್ರ ಬರೆದರು, ಉತ್ತರ ಬರಲಿಲ್ಲ. ಅದೇ ಚಿತ್ರದೊಂದಿಗೆ ಪುಸ್ತಕ ಶಾಲೆಗಳಿಗೆ ಪಠ್ಯವಾಯಿತು.

ಆ ಚಳಿಗಾಲ ಮೇಷ್ಟ್ರು ತೀರಿಕೊಂಡರು. ಶವಪೆಟ್ಟಿಗೆಯ ಇಕ್ಕೆಲದಲ್ಲಿ ನಿಂಗ್ ಸ್ವಹಸ್ತದಿಂದ ಬರೆದ ಆಳೆತ್ತರದ ಶೋಕಪದ್ಯ ತೂಗುತ್ತಿತ್ತು. ಪ್ರತಿಯೊಂದು ತಿರುವಿನಲ್ಲೂ ಮೊನೆ ಸೀಳಿ, ಮಸಿ ಎರಡಾಗಿ ಒಡೆದಿತ್ತು. ಬಂದವರೆಲ್ಲ ಅದರ ಮುಂದೆ ನಿಂತು ತಲೆದೂಗಿದರು.

ಇಂಥವರನ್ನು ವಂಚಿಸುವುದು ಬಲು ಸುಲಭ. ಸರಿಯಾದುದನ್ನು ಕಾಯುವುದರಲ್ಲೇ ಅವರ ಆಯುಷ್ಯ ಸವೆದಿರುತ್ತದೆ. ತಮ್ಮದನ್ನು ಕಾದುಕೊಳ್ಳುವ ವಿದ್ಯೆಗೆ ವೇಳೆಯೇ ಉಳಿದಿರುವುದಿಲ್ಲ. ಅವರು ಹೋದ ಮೇಲೆ ನಾವು ಅವರನ್ನು ನಿಸ್ಪೃಹರೆಂದು ಕೊಂಡಾಡುತ್ತೇವೆ. ಆ ಹೊಗಳಿಕೆಯಿಂದ ಅವರಿಗೆ ದಕ್ಕುವುದೇನೂ ಇಲ್ಲ. ನಮ್ಮ ಮೌನಕ್ಕೆ ಮಾತ್ರ ಒಂದಿಷ್ಟು ಮರ್ಯಾದೆ ದೊರಕುತ್ತದೆ.